ಗಮನ ನಿಲ್ಲದ ಮಗುವಿನ ತಪಾಸಣೆ: ಮಂಗಳೂರು, ಉಡುಪಿಯಲ್ಲಿ ಸಿಗುವ ಸೇವೆ ಹೇಗುಂಟು?

ಗಲಾಟೆ ಮಾಡುವ ಮಗುವನ್ನು ಶಾಲೆಯವರೇ ಒತ್ತಾಯ ಮಾಡಿ ಡಾಕ್ಟರ ಹತ್ತಿರ ಕಳಿಸುತ್ತಾರೆ. ಬೆಂಚಿನ ಮೂಲೆಯಲ್ಲಿ ಸುಮ್ಮನೆ ಕೂತು ಕಿಟಕಿಯಾಚೆ ನೋಡುವ ಮಗುವಿನ ಬಗ್ಗೆ ಯಾರೂ ದೂರು ಹೇಳುವುದಿಲ್ಲ. ‘ಪಾಪದ ಹುಡುಗಿ, ಸ್ವಲ್ಪ ನಿಧಾನ’, ‘ಬುದ್ಧಿ ಉಂಟು, ಉಪಯೋಗಿಸುವುದಿಲ್ಲ’ ಎಂಬ ಮಾತುಗಳು ಪ್ರಗತಿಪತ್ರದಲ್ಲಿ ವರ್ಷ ವರ್ಷವೂ ಬರುತ್ತಿರುತ್ತವೆ. ಐದನೆಯ ಅಥವಾ ಎಂಟನೆಯ ಕ್ಲಾಸಿಗೆ ಬರುವಾಗ ಪಾಠದ ಹೊರೆ ಹೆಚ್ಚಿ ಅಂಕ ಕುಸಿಯುತ್ತದೆ. ಅಷ್ಟರಲ್ಲಿ ಮಗು ತನ್ನನ್ನು ತಾನೇ ದಡ್ಡ ಎಂದು ನಂಬಿ ಆಗಿರುತ್ತದೆ. ಇಂಥ ಮಗುವಿಗೆ ಎಡಿಎಚ್‌ಡಿಯ, ಅಂದರೆ ಗಮನ ಕೊರತೆ ಮತ್ತು ಅತಿ ಚಡಪಡಿಕೆಯ ತೊಂದರೆಯ, ಗಮನ ಕೊರತೆಯೇ ಮುಖ್ಯವಾದ ಬಗೆ ಇದೆಯೋ ಎಂದು ನೋಡಿಸಲು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಎಲ್ಲಿಗೆ ಹೋಗಬಹುದು, ಅಲ್ಲಿ ಏನು ನಡೆಯುತ್ತದೆ, ಯಾವುದು ಚೆನ್ನಾಗಿದೆ, ಎಲ್ಲಿ ಎಡವಟ್ಟಾಗುತ್ತದೆ ಎಂಬುದರ ವಿಮರ್ಶೆ ಇದು.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಇಲ್ಲಿ ಸೇವೆಗೆ ಕೊರತೆ ಇಲ್ಲ. ಬಹುಪಾಲು ಮಕ್ಕಳಿಗೆ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗುವ ಅಗತ್ಯ ಬರುವುದಿಲ್ಲ. ಆದರೆ ಒಂದೇ ಆಸ್ಪತ್ರೆಯಲ್ಲಿ ಒಂದು ಮಗುವಿನ ತಪಾಸಣೆ ಅಚ್ಚುಕಟ್ಟಾಗಿ ಆಗುತ್ತದೆ, ಇನ್ನೊಂದು ಮಗುವಿನದು ಅರೆಬರೆಯಾಗುತ್ತದೆ. ವ್ಯತ್ಯಾಸ ಆಗುವುದು ಮುಖ್ಯವಾಗಿ ಎರಡು ವಿಷಯದಲ್ಲಿ: ಶಾಲೆಯಿಂದ ಎಂಥ ಮಾಹಿತಿ ಬಂತು, ಮಗುವಿಗೆ ಪರೀಕ್ಷೆ ಯಾವ ಭಾಷೆಯಲ್ಲಿ ಮಾಡಿದರು. ಈ ಎರಡನ್ನೂ ಸರಿಪಡಿಸುವುದು ಮನೆಯವರ ಕೈಯಲ್ಲೇ ಇದೆ.

ಡಾಕ್ಟರು ಏನು ಹುಡುಕುತ್ತಾರೆ ಎಂದು ಗೊತ್ತಿದ್ದರೆ ಹೇಳಬೇಕಾದದ್ದನ್ನು ಹೇಳಲು ಸುಲಭ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಎಂಬ ಕೈಪಿಡಿ ಗಮನ ಕೊರತೆಗೆ ಒಂಬತ್ತು ಲಕ್ಷಣ ಪಟ್ಟಿ ಮಾಡಿದೆ. ಲೆಕ್ಕದ ಕ್ರಮ ಸರಿ ಇದ್ದು ಕೂಡಿಸುವ ಚಿಹ್ನೆಯನ್ನು ಕಳೆಯುವುದೆಂದು ಓದುವಂಥ ಅಜಾಗ್ರತೆಯ ತಪ್ಪು. ಪಾಠದಲ್ಲೋ ಆಟದಲ್ಲೋ ಗಮನ ಉಳಿಯದಿರುವುದು. ಎದುರು ನಿಂತು ಮಾತಾಡಿದರೂ ಕೇಳಿಸದಂತೆ ಇರುವುದು. ಶುರು ಮಾಡಿದ ಕೆಲಸ ಅರ್ಧಕ್ಕೆ ನಿಲ್ಲುವುದು. ಬ್ಯಾಗು, ಟೈಂಟೇಬಲ್, ಸಮಯ ಯಾವುದನ್ನೂ ಹೊಂದಿಸಿಕೊಳ್ಳಲಾಗದಿರುವುದು. ತಲೆ ಓಡಿಸಬೇಕಾದ ದೀರ್ಘ ಕೆಲಸವನ್ನು ತಪ್ಪಿಸಿಕೊಳ್ಳುವುದು. ಪೆನ್ಸಿಲ್, ನೀರಿನ ಬಾಟಲಿ, ಕೊಡೆ ಕಳೆದುಕೊಳ್ಳುತ್ತಲೇ ಇರುವುದು. ಸಣ್ಣ ಸದ್ದಿಗೂ ಗಮನ ಸರಿಯುವುದು. ದಿನನಿತ್ಯದ ಕೆಲಸ ಮರೆಯುವುದು. 17 ವರ್ಷದೊಳಗಿನವರಿಗೆ ಇವುಗಳಲ್ಲಿ ಕನಿಷ್ಠ 6 ಇರಬೇಕು, ಕನಿಷ್ಠ 6 ತಿಂಗಳಿಂದ ಇರಬೇಕು, ಆ ವಯಸ್ಸಿನ ಬೇರೆ ಮಕ್ಕಳಿಗಿಂತ ಸ್ಪಷ್ಟವಾಗಿ ಹೆಚ್ಚಿರಬೇಕು. ಕೆಲವಾದರೂ 12 ವರ್ಷ ತುಂಬುವ ಮೊದಲೇ ಕಂಡಿರಬೇಕು. ಮನೆ, ಶಾಲೆ, ಟ್ಯೂಷನ್ ಹೀಗೆ ಕನಿಷ್ಠ ಎರಡು ಕಡೆ ಕಾಣಬೇಕು. ಅದರಿಂದ ಮಗುವಿನ ಬದುಕಿಗೆ ತೊಂದರೆ ಆಗುತ್ತಿರಬೇಕು, ಬೇರೆ ಕಾರಣದಿಂದ ಆಗುತ್ತಿರುವುದಲ್ಲ ಎಂದು ಖಚಿತವಾಗಬೇಕು.

ಇವುಗಳಲ್ಲಿ ತೂಕದ ಶರತ್ತು ಎಂದರೆ ‘ಎರಡು ಕಡೆ’. ಶಾಲೆಯಲ್ಲಿ ಮಾತ್ರ ಗಮನ ಇಲ್ಲ, ಮನೆಯಲ್ಲಿ ಹೇಳಿದ ಕೆಲಸ ಎಲ್ಲ ಸರಿಯಾಗಿ ಮಾಡುತ್ತದೆ ಎಂದಾದರೆ ಓದು-ಬರಹದ ತೊಡಕು, ಮಾಧ್ಯಮದ ಭಾಷೆ ಅರ್ಥವಾಗದಿರುವುದು, ಸಹಪಾಠಿಗಳ ಕಾಟ ಇವನ್ನು ಮೊದಲು ನೋಡಬೇಕು. ಮನೆಯಲ್ಲಿ ಮಾತ್ರ ಎಂದಾದರೆ ಮನೆಯ ಪರಿಸ್ಥಿತಿ, ನಿದ್ದೆ, ಮೊಬೈಲು ಇವುಗಳ ಕಡೆ ತಿರುಗಬೇಕು. ‘ಮೊಬೈಲಲ್ಲಿ ಎರಡು ಗಂಟೆ ಕೂರುತ್ತಾನಲ್ಲ ಡಾಕ್ಟ್ರೇ, ಗಮನ ಇಲ್ಲ ಅಂತ ಹೇಗೆ?’ ಎಂದು ಬಹಳ ಅಪ್ಪ ಅಮ್ಮಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಗೇಮು ಕ್ಷಣಕ್ಕೊಂದು ಹೊಸತು ಕೊಡುತ್ತದೆ, ತಕ್ಷಣ ಬಹುಮಾನ ಕೊಡುತ್ತದೆ. ಈ ಮಕ್ಕಳಲ್ಲಿ ಗಮನವೇ ಇಲ್ಲ ಎಂದಲ್ಲ. ಬೇಕಾದ ಕಡೆ, ಬೇಕಾದಷ್ಟು ಹೊತ್ತು ಅದನ್ನು ನಿಲ್ಲಿಸುವುದು ಕಷ್ಟ. ಹಾಗಾಗಿ ಮೊಬೈಲಲ್ಲಿ ಕೂರುತ್ತದೆ ಎಂಬ ಒಂದೇ ಕಾರಣಕ್ಕೆ ಎಡಿಎಚ್‌ಡಿ ಇಲ್ಲ ಎನ್ನಲಾಗದು, ಮೊಬೈಲು ನೋಡುವುದರಿಂದಲೇ ಅದು ಬಂತು ಎನ್ನಲೂ ಆಗದು.

ಇನ್ನು ಜಾಗಗಳ ಮಾತು.

ನಮ್ಮ ಎರಡು ಜಿಲ್ಲೆಗಳ ದೊಡ್ಡ ಅನುಕೂಲ ವೈದ್ಯಕೀಯ ಕಾಲೇಜುಗಳು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಮಂಗಳೂರಿನಲ್ಲಿ ಕಂಕನಾಡಿಯ ಫಾದರ್ ಮುಲ್ಲರ್, ಕೆಎಂಸಿ, ದೇರಳಕಟ್ಟೆಯ ಯೇನೆಪೋಯ ಮತ್ತು ಕೆ.ಎಸ್. ಹೆಗ್ಡೆ, ಕುಂಟಿಕಾನದ ಎ.ಜೆ. ಎಲ್ಲ ಕಡೆಯೂ ಮನೋವೈದ್ಯಕೀಯ ವಿಭಾಗ ಇದೆ. ಮಣಿಪಾಲದಲ್ಲಿ ಕ್ಲಿನಿಕಲ್ ಸೈಕಾಲಜಿ ಮತ್ತು ವಾಕ್-ಶ್ರವಣ ವಿಭಾಗಗಳೂ ಹತ್ತಿರದಲ್ಲೇ ಇವೆ. ಫಾದರ್ ಮುಲ್ಲರ್ ಸಂಸ್ಥೆಯಲ್ಲೂ ದೇರಳಕಟ್ಟೆಯ ನಿಟ್ಟೆ ಸಂಸ್ಥೆಯಲ್ಲೂ ವಾಕ್-ಶ್ರವಣದ ಕಾಲೇಜೇ ಇದೆ. ಕಿವಿ ಪರೀಕ್ಷೆ, ಮಾತಿನ ಪರೀಕ್ಷೆ, ಬುದ್ಧಿಮತ್ತೆ ಪರೀಕ್ಷೆ, ಮನೋವೈದ್ಯರ ಭೇಟಿ ಎಲ್ಲವೂ ಒಂದೇ ಕಡತದಲ್ಲಿ ಸೇರುವುದು ಚದುರಿದ ಖಾಸಗಿ ಕ್ಲಿನಿಕ್ಕುಗಳಲ್ಲಿ ಸಿಗದ ಲಾಭ. ಇಲ್ಲಿ ಕ್ರಮ ಹೀಗಿರುತ್ತದೆ: ಓಪಿಡಿಯಲ್ಲಿ ಚೀಟಿ ಮಾಡಿಸಿ ಆಸ್ಪತ್ರೆಯ ನಂಬರು ಪಡೆಯುವುದು, ಮೊದಲು ಪಿಜಿ ವಿದ್ಯಾರ್ಥಿ ಡಾಕ್ಟರು ಉದ್ದಕ್ಕೆ ಇತಿಹಾಸ ಕೇಳಿ ಬರೆದುಕೊಳ್ಳುವುದು, ಮತ್ತೆ ಹಿರಿಯ ಡಾಕ್ಟರು ನೋಡುವುದು, ಅಲ್ಲಿಂದ ಕ್ಲಿನಿಕಲ್ ಸೈಕಾಲಜಿಗೆ ಬೇರೆ ದಿನಕ್ಕೆ ಅಪಾಯಿಂಟ್‌ಮೆಂಟ್. ಒಂದೇ ಕಥೆ ಎರಡು ಸಲ ಹೇಳಬೇಕಲ್ಲ ಎಂದು ಕೆಲವರಿಗೆ ಬೇಸರ. ಆದರೆ ಪಿಜಿ ಡಾಕ್ಟರು ಮುಕ್ಕಾಲು ಗಂಟೆ ಕೂತು ಬರೆದುಕೊಳ್ಳುವ ಆ ಇತಿಹಾಸವೇ ಇಡೀ ತಪಾಸಣೆಯ ತಳಪಾಯ. ಅವಸರ ಮಾಡಬೇಡಿ. ಹೊರಡುವ ಮೊದಲು ಫೋನ್ ಮಾಡಿ, ಮಕ್ಕಳಿಗೆಂದೇ ನಿಗದಿಯಾದ ಕ್ಲಿನಿಕ್ಕಿನ ದಿನ ಇದೆಯೇ ಎಂದು ಕೇಳಿಕೊಂಡು ಆ ದಿನವೇ ಹೋಗುವುದು ಒಳ್ಳೆಯದು.

ಸರಕಾರಿ ದಾರಿಯನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಇದು ಸರಿಯಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತಾರೆ, ಅದರ ಪಟ್ಟಿಯಲ್ಲಿ ಎಡಿಎಚ್‌ಡಿ, ಕಲಿಕೆಯ ತೊಂದರೆ ಎರಡೂ ಇವೆ. ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಆರೋಗ್ಯ ತಂಡ ವರ್ಷಕ್ಕೊಮ್ಮೆ ಬರಬೇಕು. ಆ ದಿನ ಕ್ಲಾಸ್ ಟೀಚರು ಮಗುವಿನ ಹೆಸರು ಹೇಳಿದರೆ ಮುಂದಿನ ತಪಾಸಣೆಗೆ ರೆಫರಲ್ ಚೀಟಿ ಕೊಡುತ್ತಾರೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಎರಡರಲ್ಲೂ ಮನೋವೈದ್ಯರ ಸೇವೆ ಸಿಗುತ್ತದೆ, ಖರ್ಚು ಅತ್ಯಲ್ಪ. ದಾರಿಯೇ ತೋಚದವರು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಫೋನಿನಲ್ಲಿ ತಪಾಸಣೆ ಆಗುವುದಿಲ್ಲ, ಎಲ್ಲಿಗೆ ಹೋಗಬೇಕೆಂಬುದು ತಿಳಿಯುತ್ತದೆ.

ಖಾಸಗಿ ಕ್ಲಿನಿಕ್ಕು ಮತ್ತು ಥೆರಪಿ ಸೆಂಟರುಗಳ ಲಾಭ ಎಂದರೆ ಸಂಜೆಯ ಹೊತ್ತು ಸಿಗುತ್ತದೆ, ಕಾಯುವುದು ಕಡಿಮೆ, ಮಗುವಿಗೂ ಜಾಗ ಹೆದರಿಕೆ ಹುಟ್ಟಿಸುವುದಿಲ್ಲ. ಇಲ್ಲಿ ಒಂದನ್ನು ಕಡ್ಡಾಯವಾಗಿ ನೋಡಿ. ಮನೋವೈಜ್ಞಾನಿಕ ಪರೀಕ್ಷೆ ಮಾಡಿ ವರದಿ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐಯಲ್ಲಿ ನೋಂದಾಯಿಸಿರಬೇಕು. ಅವರಿಗೆ ಸಿಆರ್‌ಆರ್ ನಂಬರು ಎಂಬ ನೋಂದಣಿ ಸಂಖ್ಯೆ ಇರುತ್ತದೆ, ಅದು ವರದಿಯ ಕೊನೆಯಲ್ಲಿ ಸಹಿಯ ಕೆಳಗೆ ಬರಬೇಕು. ಆರ್‌ಸಿಐ ಜಾಲತಾಣದಲ್ಲಿ ಹೆಸರು ಹಾಕಿ ನೋಡಿಕೊಳ್ಳಬಹುದು. ಕೌನ್ಸೆಲರ್, ಸ್ಪೆಷಲ್ ಎಜುಕೇಟರ್, ಆಕ್ಯುಪೇಷನಲ್ ಥೆರಪಿಸ್ಟ್ ಇವರೆಲ್ಲ ಮುಂದಿನ ಹಂತದಲ್ಲಿ ಬಹಳ ಬೇಕಾದವರೇ. ಆದರೆ ಎಡಿಎಚ್‌ಡಿ ಇದೆ ಅಥವಾ ಇಲ್ಲ ಎಂದು ಬರೆದುಕೊಡುವುದು ಅವರ ಕೆಲಸ ಅಲ್ಲ. ಪರೀಕ್ಷೆ ಮಾಡಿದ ಸೆಂಟರೇ ಅದೇ ದಿನ ಆರು ತಿಂಗಳ ಥೆರಪಿಗೆ ಮುಂಗಡ ಕಟ್ಟಿ ಎಂದರೆ, ವರದಿಯನ್ನು ಮನೋವೈದ್ಯರಿಗೋ ಮಕ್ಕಳ ಡಾಕ್ಟರಿಗೋ ತೋರಿಸಿದ ಮೇಲೆ ನೋಡುತ್ತೇವೆ ಎಂದು ಹೇಳಿ ಎದ್ದು ಬನ್ನಿ. ಶುಲ್ಕ ಕೇಳುವಾಗಲೂ ಬರೀ ‘ಎಷ್ಟಾಗುತ್ತದೆ’ ಎಂದು ಕೇಳಿದರೆ ಸಾಲದು. ಬುದ್ಧಿಮತ್ತೆ ಪರೀಕ್ಷೆ, ಕಲಿಕಾ ಪರೀಕ್ಷೆ, ಬರಹದ ವರದಿ, ಕೂತು ವಿವರಿಸುವ ಕೊನೆಯ ಭೇಟಿ ನಾಲ್ಕೂ ಸೇರಿ ಎಷ್ಟು ಎಂದು ಕೇಳಿ. ಬಿಡಿಬಿಡಿಯಾಗಿ ಕೇಳಿದರೆ ಕೊನೆಯ ಭೇಟಿಯೇ ಕೈಬಿಟ್ಟುಹೋಗುತ್ತದೆ.

ಈಗ ನಿಜವಾಗಿ ಎಡವುವ ಜಾಗಕ್ಕೆ ಬರೋಣ: ಶಾಲೆಯ ಫಾರ್ಮು. 6ರಿಂದ 12 ವರ್ಷದ ಮಕ್ಕಳಿಗೆ ಹೆಚ್ಚಾಗಿ ಬಳಸುವುದು ವ್ಯಾಂಡರ್‌ಬಿಲ್ಟ್ ಪ್ರಶ್ನಾವಳಿ. ಅಪ್ಪ ಅಮ್ಮನಿಗೆ 55 ಪ್ರಶ್ನೆ, ಟೀಚರಿಗೆ 43. ಕೆಲವು ಕಡೆ ಕಾನರ್ಸ್ ಅಥವಾ ಸ್ನ್ಯಾಪ್ ಎಂಬ ಪ್ರಶ್ನಾವಳಿ ಕೊಡುತ್ತಾರೆ, ಕೆಲಸ ಒಂದೇ. ವ್ಯಾಂಡರ್‌ಬಿಲ್ಟ್‌ನ ಮೊದಲ 9 ಪ್ರಶ್ನೆ ಗಮನ ಕೊರತೆಗೆ ಸಂಬಂಧಿಸಿದ್ದು, 10ರಿಂದ 18 ಚಡಪಡಿಕೆಗೆ. ಪ್ರತಿಯೊಂದಕ್ಕೂ 0ರಿಂದ 3: ಇಲ್ಲವೇ ಇಲ್ಲ, ಯಾವಾಗಲಾದರೊಮ್ಮೆ, ಆಗಾಗ, ತುಂಬಾ ಸಲ. 2 ಅಥವಾ 3 ಎಂದು ಗುರುತಿಸಿದ್ದು ಮಾತ್ರ ಲಕ್ಷಣವಾಗಿ ಲೆಕ್ಕಕ್ಕೆ ಬರುತ್ತದೆ. ಮೊದಲ ಒಂಬತ್ತರಲ್ಲಿ ಆರು ಹಾಗೆ ಬಂದು, ಕೊನೆಯ ಭಾಗದ ಓದು, ಬರಹ, ಗೆಳೆತನ ಮುಂತಾದ ಪ್ರಶ್ನೆಗಳಲ್ಲಿ (ಇಲ್ಲಿ ಅಳತೆ 1ರಿಂದ 5, ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು) ಒಂದಕ್ಕಾದರೂ 4 ಅಥವಾ 5 ಬಂದರೆ ಗಮನ ಕೊರತೆಯ ಬಗೆ ಎಂದು ಸಂಶಯಿಸಲು ಆಧಾರ ಸಿಕ್ಕಿದಂತೆ. ಫಾರ್ಮೊಂದೇ ತೀರ್ಮಾನ ಅಲ್ಲ, ಆದರೆ ಫಾರ್ಮು ತಪ್ಪಿದರೆ ತೀರ್ಮಾನವೂ ತಪ್ಪುತ್ತದೆ.

ತಪ್ಪುವುದು ಹೇಗೆ? ಮಗುವಿನ ಹೆಸರು ಕೆಡುತ್ತದೆ ಎಂಬ ಕರುಣೆಯಿಂದ ಟೀಚರು ಎಲ್ಲದಕ್ಕೂ 0 ಅಥವಾ 1 ಹಾಕುತ್ತಾರೆ. ಸುಮ್ಮನೆ ಕೂರುವ ಮಗುವಾದರೆ ಇನ್ನೂ ಹೆಚ್ಚು, ಯಾಕೆಂದರೆ 45 ಮಕ್ಕಳ ಕ್ಲಾಸಿನಲ್ಲಿ ಅದರ ಗೈರು ಗಮನ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಇದಕ್ಕೆ ಮದ್ದು ಎಂದರೆ ಫಾರ್ಮನ್ನು ಒಬ್ಬರಿಗೆ ಕೊಡದೆ ಇಬ್ಬರಿಗೆ ಕೊಡುವುದು. ಗಣಿತ ಕಲಿಸುವವರು ಒಬ್ಬರು, ಭಾಷೆ ಕಲಿಸುವವರು ಇನ್ನೊಬ್ಬರು. ಒಬ್ಬರ ಪಿರಿಯಡ್ ಮಧ್ಯಾಹ್ನದ ಊಟ ಆದ ಮೇಲೆ ಇದ್ದರೆ ಇನ್ನೂ ಚೆನ್ನ. ‘ಟೀಚರ್, ಇದು ದೂರು ಅಲ್ಲ, ಡಾಕ್ಟರಿಗೆ ಬೇಕಾದ ಮಾಹಿತಿ. ನೋಟ್ಸ್ ಎಷ್ಟು ಪೂರ್ತಿ ಮಾಡ್ತಾಳೆ, ಒಂದು ಸೂಚನೆ ಎಷ್ಟು ಸಲ ಹೇಳಬೇಕಾಗ್ತದೆ ಅಂತ ಎರಡು ದಿನ ನೋಡಿ ಆಮೇಲೆ ಬರೀರಿ’ ಎಂದು ಹೇಳಿ, ಮುಚ್ಚಿದ ಲಕೋಟೆಯಲ್ಲಿ ವಾಪಸು ತೆಗೆದುಕೊಳ್ಳಿ. ಅಪ್ಪ ಅಮ್ಮ ನೋಡುತ್ತಾರೆ ಎಂದು ಗೊತ್ತಿದ್ದರೆ ಟೀಚರು ಮೆತ್ತಗಾಗುತ್ತಾರೆ.

ಮನೆಯ ಫಾರ್ಮಿನ ತೊಂದರೆ ಬೇರೆ. ಅಪ್ಪ ಗಲ್ಫಿನಲ್ಲಿ, ಹೋಂವರ್ಕ್ ನೋಡುವುದು ಅಮ್ಮ, ಸಂಜೆ ಐದರವರೆಗೆ ಮಗು ಅಜ್ಜಿಯ ಹತ್ತಿರ. ಕರಾವಳಿಯ ಎಷ್ಟೋ ಮನೆಗಳ ಕ್ರಮ ಇದು. ಆಗ ಮಗುವನ್ನು ಹೆಚ್ಚು ಹೊತ್ತು ನೋಡುವವರ ಮಾತು ದಾಖಲಾಗಬೇಕು. ಅಜ್ಜಿಗೆ ಇಂಗ್ಲಿಷ್ ಫಾರ್ಮು ಓದಲಾಗದಿದ್ದರೆ ಸೈಕಾಲಜಿಸ್ಟರೇ ಕನ್ನಡದಲ್ಲೋ ತುಳುವಿನಲ್ಲೋ ಕೇಳಿ ಗುರುತಿಸುತ್ತಾರೆ. ಹಾಗೆ ಮಾಡಿ ಎಂದು ಕೇಳಿಕೊಳ್ಳಲು ಸಂಕೋಚ ಬೇಡ. ಅಪ್ಪ ಅಮ್ಮ ಇಬ್ಬರೂ ಊರಲ್ಲಿದ್ದರೆ ಬೇರೆ ಬೇರೆ ಫಾರ್ಮು ತುಂಬಿ, ಒಬ್ಬರದನ್ನು ಒಬ್ಬರು ನೋಡದೆ. ಅಕ್ಕನಿಗೋ ಅಣ್ಣನಿಗೋ ಹೋಲಿಸಿ ಅಂಕ ಹಾಕಬೇಡಿ. ಹೋಲಿಕೆ ಅದೇ ವಯಸ್ಸಿನ ಮಕ್ಕಳೊಂದಿಗೆ ಇರಬೇಕು.

ಸಮಯದ ಲೆಕ್ಕವೂ ಇಲ್ಲಿ ಮುಖ್ಯ. ಬಹಳ ಮನೆಯವರು ಏಪ್ರಿಲ್-ಮೇ ರಜೆಗೆ ಕಾದು ಬರುತ್ತಾರೆ. ಆಗಲೇ ಅಪಾಯಿಂಟ್‌ಮೆಂಟಿಗೆ ನೂಕುನುಗ್ಗಲು, ಆಗಲೇ ಶಾಲೆಗೆ ಬೀಗ. ಫಾರ್ಮು ತುಂಬಲು ಟೀಚರು ಸಿಗುವುದಿಲ್ಲ. ಜೂನ್-ಜುಲೈಯಲ್ಲಿ ಬಂದರೆ ಹೊಸ ಕ್ಲಾಸ್ ಟೀಚರಿಗೆ ಮಗುವಿನ ಪರಿಚಯವೇ ಆಗಿರುವುದಿಲ್ಲ, ಮೇಲಿಂದ ಮಳೆ ರಜೆ. ಸೆಪ್ಟೆಂಬರಿನಿಂದ ಜನವರಿವರೆಗಿನ ಅವಧಿ ಅತ್ಯುತ್ತಮ: ಟೀಚರಿಗೆ ಮಗು ಗೊತ್ತಾಗಿರುತ್ತದೆ, ಮೊದಲ ಪರೀಕ್ಷೆಯ ಉತ್ತರಪತ್ರಿಕೆ ಕೈಯಲ್ಲಿರುತ್ತದೆ, ವರ್ಷ ಮುಗಿಯುವ ಮೊದಲು ಶಾಲೆಯಲ್ಲಿ ಬದಲಾವಣೆ ಮಾಡಲು ಸಮಯವೂ ಉಳಿದಿರುತ್ತದೆ. ಮೇಯಲ್ಲೇ ಆಗಬೇಕೆಂದಿದ್ದರೆ ಮಾರ್ಚ್ ಕೊನೆಯೊಳಗೆ ಶಾಲೆಯ ಫಾರ್ಮು ತುಂಬಿಸಿ ಇಟ್ಟುಕೊಳ್ಳಿ.

ಜತೆಗೆ ಒಯ್ಯಬೇಕಾದದ್ದು: ಒಂದನೆಯ ಕ್ಲಾಸಿನಿಂದ ಇಲ್ಲಿಯವರೆಗಿನ ಪ್ರಗತಿಪತ್ರಗಳು, ಟೀಚರ ಷರಾ ಇರುವ ಶಾಲಾ ಡೈರಿ, ಉತ್ತರಪತ್ರಿಕೆ, ಕ್ಲಾಸಿನಲ್ಲಿ ಬರೆದ ರಫ್ ಪುಸ್ತಕ. ಮನೆಯಲ್ಲಿ ಕೂರಿಸಿ ಬರೆಸಿದ ನೀಟ್ ಪುಸ್ತಕದಿಂದ ಏನೂ ಗೊತ್ತಾಗುವುದಿಲ್ಲ. ಅರ್ಧ ಬರೆದು ಬಿಟ್ಟ ಪುಟ, ಬೋರ್ಡಿನಿಂದ ಇಳಿಸಿಕೊಳ್ಳುವಾಗ ಹಾರಿಹೋದ ಸಾಲು ಇವೇ ಸಾಕ್ಷಿ. ಹೆರಿಗೆಯ ದಾಖಲೆ, ಹುಟ್ಟಿದ ತೂಕ, ಫಿಟ್ಸ್ ಅಥವಾ ತಲೆಗೆ ಪೆಟ್ಟು ಆಗಿದ್ದರೆ ಅದರ ಚೀಟಿ, ಈಗ ಕೊಡುತ್ತಿರುವ ಔಷಧಗಳ ಪಟ್ಟಿ ಕೂಡ ಬೇಕು. ಅಲರ್ಜಿಗೆ ಕೊಡುವ ಕೆಲವು ಮಾತ್ರೆಗಳು ತೂಕಡಿಕೆ ತರಿಸುತ್ತವೆ, ಫಿಟ್ಸ್‌ನ ಕೆಲವು ಔಷಧಗಳು ಗಮನವನ್ನು ಕೆಡಿಸುತ್ತವೆ. ಮಗು ಒಂಬತ್ತನೆಯ ಕ್ಲಾಸಿನಲ್ಲಿದ್ದರೆ ಹಳೆಯ ಪ್ರಗತಿಪತ್ರಗಳ ಬೆಲೆ ಇಮ್ಮಡಿ, ಏಕೆಂದರೆ 12 ವರ್ಷದ ಮೊದಲೇ ಲಕ್ಷಣ ಇತ್ತೆಂಬುದಕ್ಕೆ ಬೇರೆ ಆಧಾರ ಇರುವುದಿಲ್ಲ.

ಪರೀಕ್ಷೆಯ ದಿನದ ವಿಷಯದಲ್ಲಿ ನಮ್ಮ ಅತಿ ಗಂಭೀರ ದೂರು ಭಾಷೆಯದ್ದು. ಬುದ್ಧಿಮತ್ತೆ ಅಳೆಯಲು ನಮ್ಮಲ್ಲಿ ಸಾಮಾನ್ಯವಾಗಿ ಬಳಸುವುದು ಮಾಲಿನ್ ಮಾಪಕ, ಬಿನೆ-ಕಾಮತ್ ಪರೀಕ್ಷೆ, ರೇವನ್ ಅವರ ಬಣ್ಣದ ಚಿತ್ರಗಳ ಪರೀಕ್ಷೆ, ವೆಕ್ಸ್‌ಲರ್ ಮಾಪಕದ ಭಾರತೀಯ ಆವೃತ್ತಿ. ಬಿನೆ-ಕಾಮತ್ ಅನ್ನು ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಹೊಂದಿಸಿದ್ದು. ಕನ್ನಡದ ಮಕ್ಕಳಿಗೆ ಅದೊಂದು ದೊಡ್ಡ ಉಪಕಾರ. ಆದರೆ ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತಾಡಿ, ಶಾಲೆಯಲ್ಲಿ ಇಂಗ್ಲಿಷ್ ಓದಿ, ಕನ್ನಡವನ್ನು ಒಂದು ವಿಷಯವಾಗಿ ಕಲಿಯುವ ಮಗುವಿಗೆ ಮಾತಿನ ಪ್ರಶ್ನೆಗಳನ್ನು ಯಾವ ಭಾಷೆಯಲ್ಲಿ ಕೇಳಬೇಕು? ತಪ್ಪು ಭಾಷೆಯಲ್ಲಿ ಕೇಳಿದರೆ ಮಗು ತಡವಾಗಿ ಉತ್ತರಿಸುತ್ತದೆ, ಪದ ಹುಡುಕುತ್ತದೆ, ಪ್ರಶ್ನೆಯನ್ನು ಇನ್ನೊಮ್ಮೆ ಕೇಳುತ್ತದೆ. ಹೊರಗಿನಿಂದ ನೋಡಿದರೆ ಇವೆಲ್ಲ ಗಮನ ಕೊರತೆಯಂತೆಯೇ ಕಾಣುತ್ತವೆ, ಅಂಕವೂ ಇಳಿಯುತ್ತದೆ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಮಗುವಿನ ಮನೆಮಾತು ಯಾವುದು, ಯಾವುದರಲ್ಲಿ ಅದು ಸಲೀಸಾಗಿ ಮಾತಾಡುತ್ತದೆ ಎಂದು ಹೇಳಿ. ಆ ಭಾಷೆ ಬಲ್ಲ ಸೈಕಾಲಜಿಸ್ಟ್ ಇದ್ದಾರೆಯೇ ಎಂದು ಕೇಳಿ. ಇಲ್ಲವಾದರೆ ಮಾತಿನ ಅಗತ್ಯವಿಲ್ಲದ ಪರೀಕ್ಷೆಯನ್ನಾದರೂ ಜತೆಗೆ ಮಾಡಲಿ. ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತೆಂದು ವರದಿಯಲ್ಲಿ ಬರೆದಿರಲೇಬೇಕು.

ಬುದ್ಧಿಮತ್ತೆ ಪರೀಕ್ಷೆಯಿಂದ ಎಡಿಎಚ್‌ಡಿ ಪತ್ತೆಯಾಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಅಂಕಿ ನೆನಪಿಟ್ಟು ಹೇಳುವುದು, ಚಿಹ್ನೆ ನೋಡಿ ಬೇಗ ಬರೆಯುವುದು ಇಂಥ ಭಾಗಗಳಲ್ಲಿ ಈ ಮಕ್ಕಳ ಅಂಕ ಕೆಲವೊಮ್ಮೆ ಕಡಿಮೆ ಇರುತ್ತದೆ, ಆದರೆ ಎಲ್ಲರಲ್ಲೂ ಅಲ್ಲ. ಆ ಪರೀಕ್ಷೆ ಮಾಡುವುದು ಕಲಿಕೆಯ ಒಟ್ಟು ಸಾಮರ್ಥ್ಯ ತಿಳಿಯಲು. ಓದು, ಕಾಗುಣಿತ, ಲೆಕ್ಕದಲ್ಲಿ ತೊಡಕಿದ್ದರೆ ನಿಮ್ಹಾನ್ಸ್ ರೂಪಿಸಿದ ಕಲಿಕಾ ನ್ಯೂನತೆಯ ಪರೀಕ್ಷಾಮಾಲೆಯನ್ನೂ ಸೇರಿಸುತ್ತಾರೆ. ಅದರಲ್ಲಿ 5ರಿಂದ 7 ವರ್ಷದವರಿಗೆ ಒಂದು ಹಂತ, 8ರಿಂದ 12 ವರ್ಷದವರಿಗೆ ಇನ್ನೊಂದು. ಗಮನ ಕೊರತೆ ಇರುವ ಮಕ್ಕಳಲ್ಲಿ ಕಲಿಕಾ ನ್ಯೂನತೆಯೂ ಜತೆಗಿರುವುದು ಸಾಮಾನ್ಯ, ಆದ್ದರಿಂದ ಒಂದು ಸಿಕ್ಕಿತೆಂದು ಇನ್ನೊಂದನ್ನು ನೋಡದೆ ಬಿಡಬಾರದು.

ಬೆಳಗ್ಗಿನ ಸಮಯ ಕೇಳಿ ಪಡೆಯಿರಿ. ಸುಳ್ಯ, ಬೈಂದೂರಿನಂಥ ದೂರದಿಂದ ಬಸ್ಸಿನಲ್ಲಿ ಬಂದ ಮಗುವನ್ನು ಇಳಿದ ಕೂಡಲೇ ಪರೀಕ್ಷೆಗೆ ಕೂರಿಸಿದರೆ ಆಯಾಸವನ್ನೇ ಅಳೆದಂತಾಗುತ್ತದೆ. ತಿಂಡಿ ತಿನ್ನಿಸಿ ಅರ್ಧ ಗಂಟೆ ಬಿಡಿ. ಕನ್ನಡಕ ಮರೆಯಬೇಡಿ. ಜ್ವರ, ಶೀತ ಇದ್ದರೆ ದಿನ ಮುಂದೂಡಿ. ಮನೆಯಲ್ಲಿ ಮೊದಲೇ ತಯಾರಿ ಮಾಡಿಸುವುದು ಬೇಡ. ‘ಪರೀಕ್ಷೆ’ ಎನ್ನುವ ಬದಲು ‘ಪಝಲ್ ತರಹದ್ದು ಮಾಡಿಸ್ತಾರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳಿದರೆ ಸಾಕು’ ಎಂದು ಹೇಳಿದರೆ ಮಗು ಹಗುರಾಗುತ್ತದೆ.

ಒಂದು ವಿಚಿತ್ರ ಸಂಗತಿ ಗೊತ್ತಿರಲಿ. ಹೊಸ ಕೋಣೆ, ಹೊಸ ವಸ್ತುಗಳು, ತನ್ನೊಬ್ಬನಿಗೇ ಗಮನ ಕೊಡುವ ಒಬ್ಬ ದೊಡ್ಡವರು ಇದ್ದಲ್ಲಿ ಈ ಮಕ್ಕಳು ಒಂದು ಗಂಟೆ ಚೆನ್ನಾಗಿಯೇ ಕೂರಬಹುದು. ‘ನನ್ನ ಎದುರು ಸರಿಯಾಗಿ ಮಾಡಿದ, ಏನೂ ತೊಂದರೆ ಇಲ್ಲ’ ಎಂದು ಅಷ್ಟರಿಂದಲೇ ಯಾರಾದರೂ ತೀರ್ಮಾನ ಹೇಳಿದರೆ ಒಪ್ಪಬೇಡಿ. ಕ್ಲಾಸಿನಲ್ಲಿ ಹೇಗಿರುತ್ತದೆ ಎಂಬುದನ್ನು ಕ್ಲಾಸಿನಲ್ಲಿ ನೋಡಿದವರೇ ಹೇಳಬೇಕು. ಟೀಚರ ಫಾರ್ಮಿನ ಬಗ್ಗೆ ಇಷ್ಟು ಉದ್ದಕ್ಕೆ ಬರೆದದ್ದು ಇದಕ್ಕೇ.

ಬೇರೆ ಕಾರಣಗಳನ್ನು ಬದಿಗೆ ಸರಿಸುವ ಕೆಲಸ ಮಕ್ಕಳ ಡಾಕ್ಟರಿಂದ ಶುರುವಾದರೆ ಒಳ್ಳೆಯದು. ಕಣ್ಣು ಮತ್ತು ಕಿವಿಯ ಪರೀಕ್ಷೆ ಎಲ್ಲರಿಗೂ ಬೇಕು. ರಕ್ತಹೀನತೆ ಅಥವಾ ಥೈರಾಯ್ಡ್ ಎಂದು ಸಂಶಯ ಬಂದರೆ ರಕ್ತ ಪರೀಕ್ಷೆ. ರಾತ್ರಿ ಗೊರಕೆ ಹೊಡೆಯುವ, ಬಾಯಿ ತೆರೆದು ಮಲಗುವ ಮಗುವಿಗೆ ಮೂಗಿನ ಹಿಂದಿನ ಅಡೆನಾಯ್ಡ್ ಗ್ರಂಥಿ ಊದಿದೆಯೇ ಎಂದು ನೋಡಿಸಬೇಕು. ಸರಿಯಾಗಿ ನಿದ್ದೆ ಆಗದ ಮಗು ಹಗಲು ಗಮನ ಕೊಡುವುದು ಹೇಗೆ? ಮಾತಾಡುತ್ತ ಇದ್ದಂತೆ ಕೆಲವು ಸೆಕೆಂಡು ಸ್ತಬ್ಧವಾಗಿ, ಮುಟ್ಟಿದರೂ ತಿಳಿಯದೆ, ಮತ್ತೆ ಏನೂ ಆಗದಂತೆ ಮುಂದುವರಿಯುವುದು ದಿನಕ್ಕೆ ಹಲವು ಸಲ ಆದರೆ ಅದು ಒಂದು ಬಗೆಯ ಅಪಸ್ಮಾರ ಇರಬಹುದು, ಅದಕ್ಕೆ ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿ ಮಾಡುತ್ತಾರೆ. ಕರೆದರೆ, ಮುಟ್ಟಿದರೆ ಎಚ್ಚೆತ್ತುಕೊಳ್ಳುವುದು ಹೆಚ್ಚಾಗಿ ಬರೀ ಹಗಲುಗನಸು. ಆತಂಕ ಮತ್ತು ಖಿನ್ನತೆಯನ್ನೂ ಕೇಳಿಯೇ ತಿಳಿಯಬೇಕು, ಮುಖ್ಯವಾಗಿ ಗಮನ ಕೆಟ್ಟದ್ದು ಇತ್ತೀಚೆಗೆ, ಒಮ್ಮೆಗೇ ಎಂದಾದರೆ.

ಆದರೆ ಎಡಿಎಚ್‌ಡಿ ಇದೆಯೆಂದು ತೋರಿಸಿಕೊಡುವ ರಕ್ತ ಪರೀಕ್ಷೆಯಾಗಲಿ, ಸ್ಕ್ಯಾನ್ ಆಗಲಿ ಇಲ್ಲ. ‘ಬ್ರೈನ್ ಮ್ಯಾಪಿಂಗ್’ ಎಂದು ಹಣ ಕೇಳಿದರೆ ಕೊಡಬೇಡಿ. ಬೆರಳಚ್ಚು ತೆಗೆದು ಮಗುವಿನ ಬುದ್ಧಿಯ ಬಗೆ ಹೇಳುತ್ತೇವೆ ಎಂಬ ಡಿಎಂಐಟಿ ಕೆಲವು ಶಾಲೆಗಳವರೆಗೂ ಬಂದಿದೆ. ಅದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ಕಂಪ್ಯೂಟರಿನ ಮುಂದೆ ಕೂರಿಸಿ ಗಮನ ಅಳೆಯುವ ಪರೀಕ್ಷೆ ಸ್ವಲ್ಪ ಹೆಚ್ಚಿನ ಮಾಹಿತಿ ಕೊಡಬಹುದು, ತೀರ್ಪು ಕೊಡಲಾರದು.

ಕೊನೆಯ ಭೇಟಿಯನ್ನು, ಅಂದರೆ ಫಲಿತಾಂಶ ವಿವರಿಸುವ ಭೇಟಿಯನ್ನು, ನಮ್ಮ ಕಡೆ ಎಲ್ಲರೂ ಹಗುರಾಗಿ ತೆಗೆದುಕೊಳ್ಳುತ್ತಾರೆ. ಕೌಂಟರಿನಿಂದ ವರದಿ ತೆಗೆದುಕೊಂಡು ಬಸ್ಸು ಹಿಡಿಯುತ್ತಾರೆ, ಮನೆಗೆ ಹೋಗಿ ಐಕ್ಯೂ ಅಂಕಿ ಮಾತ್ರ ನೋಡುತ್ತಾರೆ. ಹಾಗೆ ಮಾಡಬೇಡಿ, ಅರ್ಧ ಗಂಟೆ ಕೂರಿಸಿ ವಿವರಿಸಲು ಕೇಳಿ. ಯಾರ ಯಾರ ಮಾಹಿತಿ ಆಧಾರ, ಮನೆಯ ಫಾರ್ಮಿಗೂ ಶಾಲೆಯ ಫಾರ್ಮಿಗೂ ವ್ಯತ್ಯಾಸ ಬಂದಿದ್ದರೆ ಅದನ್ನು ಹೇಗೆ ಅರ್ಥ ಮಾಡಿಕೊಂಡಿರಿ, ಬೇರೆ ಯಾವ ಕಾರಣಗಳನ್ನು ಪರಿಗಣಿಸಿ ಬಿಟ್ಟಿರಿ, ಎಡಿಎಚ್‌ಡಿ ಅಲ್ಲವಾದರೆ ಈ ತೊಂದರೆಗೆ ಹೆಸರೇನು ಎಂದು ಕೇಳಿ. ಒಂದೇ ಪುಟದಲ್ಲಿ ಐಕ್ಯೂ ಅಂಕಿ ಮತ್ತು ‘ಎಡಿಎಚ್‌ಡಿ ಲಕ್ಷಣಗಳಿವೆ’ ಎಂಬ ಸಾಲು ಮಾತ್ರ ಇರುವ ವರದಿಯನ್ನು ಪೂರ್ತಿ ತಪಾಸಣೆ ಎನ್ನಲಾಗದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ವೈದ್ಯಕೀಯ ದಾಖಲೆ ಪಡೆಯುವ ಹಕ್ಕನ್ನು ಕೊಟ್ಟಿದೆ, ಪ್ರತಿ ಕೇಳಲು ಹಿಂಜರಿಯಬೇಡಿ.

ಸರ್ಟಿಫಿಕೇಟಿನ ಬಗ್ಗೆ ಬಹಳ ತಪ್ಪು ಕಲ್ಪನೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಗಳಿವೆ. ನಿರ್ದಿಷ್ಟ ಕಲಿಕಾ ನ್ಯೂನತೆ ಅದರಲ್ಲಿದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಬೇಕಾದರೆ ಎಡಿಎಚ್‌ಡಿ ವರದಿಯನ್ನೇ ನಂಬಿ ಕೂರದೆ, ಕಲಿಕಾ ನ್ಯೂನತೆಯೂ ಇದೆಯೇ ಎಂದು ಎಂಟನೆಯ ಕ್ಲಾಸಿನೊಳಗೇ ನೋಡಿಸಿಕೊಳ್ಳಬೇಕು. ಹತ್ತನೆಯ ಕ್ಲಾಸಿನ ಡಿಸೆಂಬರಿನಲ್ಲಿ ಓಡಾಡಿದರೆ ಕೆಲಸ ಆಗುವುದಿಲ್ಲ.

ಔಷಧದ ಮಾತು ಬಂದರೆ ಹೆದರಬೇಕಾಗಿಲ್ಲ, ಅವಸರವೂ ಬೇಡ. ಆರು ವರ್ಷದೊಳಗಿನ ಮಗುವಿಗೆ ಮೊದಲು ಅಪ್ಪ ಅಮ್ಮನಿಗೆ ತರಬೇತಿ, ಔಷಧ ಆಮೇಲೆ. ದೊಡ್ಡ ಮಕ್ಕಳಿಗೆ ಮೀಥೈಲ್‌ಫೆನಿಡೇಟ್ ಅಥವಾ ಅಟೊಮೊಕ್ಸೆಟಿನ್ ಕೊಡುವುದುಂಟು. ಮೊದಲನೆಯದು ಒಂದು ಗಂಟೆಯೊಳಗೆ ಕೆಲಸ ಶುರು ಮಾಡುತ್ತದೆ. ಎರಡನೆಯದರ ಪರಿಣಾಮ ಕಾಣಲು ವಾರಗಳು ಬೇಕು, ಹತ್ತು ದಿನಕ್ಕೆ ‘ಏನೂ ಪ್ರಯೋಜನ ಇಲ್ಲ’ ಎಂದು ನಿಲ್ಲಿಸಬೇಡಿ. ಶುರು ಮಾಡುವ ಮೊದಲು ತೂಕ, ಎತ್ತರ, ನಾಡಿ, ಬಿಪಿ ಬರೆದಿಡಬೇಕು, ಕುಟುಂಬದಲ್ಲಿ ಹೃದಯದ ಕಾಯಿಲೆ ಇದ್ದರೆ ತಿಳಿಸಬೇಕು. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಸಾಮಾನ್ಯವಾಗಿ ಕಾಣುವ ತೊಂದರೆಗಳು. ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಔಷಧ, ಅಂದರೆ ಕಟ್ಟುನಿಟ್ಟಿನ ನಿಯಂತ್ರಣದಲ್ಲಿ ಮಾರುವಂಥದ್ದು. ಚೀಟಿ ಎರಡು ಪ್ರತಿಯಲ್ಲಿ ಬೇಕು, ಒಂದನ್ನು ಮೆಡಿಕಲ್‌ನವರು ಇಟ್ಟುಕೊಳ್ಳುತ್ತಾರೆ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಆಸ್ಪತ್ರೆಯ ಒಳಗಿನ ಔಷಧಾಲಯದಲ್ಲಿ ಸಿಗುತ್ತದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಿ. ಗುಣ ಕಂಡಿದೆಯೇ ಎಂದು ತಿಳಿಯಲು ಮೊದಲು ಫಾರ್ಮು ತುಂಬಿದ ಅದೇ ಟೀಚರಿಂದಲೇ ಕೆಲವು ವಾರ ಬಿಟ್ಟು ಇನ್ನೊಮ್ಮೆ ತುಂಬಿಸಿ.

ಶಾಲೆಗೆ ಇಡೀ ವರದಿ ಕೊಡುವ ಅಗತ್ಯ ಇಲ್ಲ. ಐಕ್ಯೂ ಅಂಕಿ, ಮನೆಯ ವಿಷಯಗಳು ಸ್ಟಾಫ್‌ರೂಮಿನಲ್ಲಿ ಓಡಾಡಬಾರದು. ಸೈಕಾಲಜಿಸ್ಟರಿಂದ ಶಾಲೆಯ ಹೆಸರಿಗೆ ಬೇರೆಯೇ ಒಂದು ಪುಟದ ಪತ್ರ ಬರೆಸಿ: ಮುಂದಿನ ಬೆಂಚು, ಒಂದು ಸಲಕ್ಕೆ ಒಂದೇ ಸೂಚನೆ, ಬೋರ್ಡಿನಿಂದ ಇಳಿಸಲು ಹೆಚ್ಚು ಸಮಯ, ಡೈರಿ ತುಂಬಿದೆಯೇ ಎಂದು ಬೆಲ್ ಹೊಡೆಯುವ ಮೊದಲು ಟೀಚರು ಒಮ್ಮೆ ನೋಡುವುದು. ಆ ಪತ್ರವನ್ನು ಜೂನ್ ತಿಂಗಳ ಮೊದಲ ವಾರವೇ ಹೊಸ ಕ್ಲಾಸ್ ಟೀಚರ ಕೈಗೆ ಕೊಡಿ. ಪ್ರತಿ ವರ್ಷ ಟೀಚರು ಬದಲಾಗುತ್ತಾರೆ, ಆದ್ದರಿಂದ ಹತ್ತಿಪ್ಪತ್ತು ಪ್ರತಿ ತೆಗೆದಿಟ್ಟುಕೊಳ್ಳಿ.